ನಾಲ್ಕು ಎಂದು ಬರೆದ ದಿನಗಳು

ಆ ನೋಟುಪುಸ್ತಕ ಈಗಲೂ ನಮ್ಮ ಮಗ್ಗದ ಪಕ್ಕದ ಗೂಡಿನಲ್ಲಿದೆ. ನೀಲಿ ರಟ್ಟು, ಮೂಲೆಯಲ್ಲಿ ಎಣ್ಣೆ ಕಲೆ. ಅದರ ಮೊದಲ ನಾಲ್ಕೈದು ತಿಂಗಳ ಹಾಳೆಗಳನ್ನು ಹರಿದು ಒಲೆಗೆ ಹಾಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಹಾಕಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ದುಂಡಗಿದೆ ಎಂದು ಮೇಷ್ಟ್ರ ಕೈಲಿ ಹೊಗಳಿಸಿಕೊಂಡವಳು. ಅಂಥ ದುಂಡು ಅಕ್ಷರದಲ್ಲಿ ದಿನವೂ ಸುಳ್ಳು ಬರೆದಿದ್ದೇನೆ. ಸುಳ್ಳೆಂದು ಗೊತ್ತಿದ್ದು ಬರೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ನಾವು ಮೊಳಕಾಲ್ಮೂರಿನವರು, ರೇಷ್ಮೆ ಸೀರೆ ನೇಯುವವರು. ಮಗ್ಗ ಇರುವುದು ನಡುಮನೆಯ ನೆಲದಲ್ಲಿ ತೋಡಿದ ಗುಂಡಿಯ ಮೇಲೆ. ನೇಯುವವನು ಗುಂಡಿಯ ಅಂಚಿನಲ್ಲಿ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಮಣೆಗಳನ್ನು ತುಳಿಯುತ್ತಾನೆ. ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಾದರೆ ಒಬ್ಬನ ಕೈ ಸಾಲದು. ಪಕ್ಕದಲ್ಲಿ ಕುಳಿತು ಅಂಚಿನ ಬಣ್ಣದ ನೂಲು ತುಂಬಿದ ಲಾಳಿ ಎಸೆಯುವುದಕ್ಕೆ ಇನ್ನೊಬ್ಬರು ಬೇಕು. ಮದುವೆಯಾಗಿ ಬಂದ ಮೂರನೇ ತಿಂಗಳಿಂದ ಆ ಇನ್ನೊಬ್ಬಳು ನಾನೇ. ನನ್ನ ಗಂಡನ ಬಲಗಡೆಗೆ ಕುಳಿತು, ಅವರ ಲಾಳಿ ಬಂದು ನಿಂತ ಕಡೆಯಿಂದ ನನ್ನ ಲಾಳಿ ಎಸೆಯುತ್ತಾ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಗಂಡ ಹೆಂಡತಿ ಮುಖಾಮುಖಿ ಕುಳಿತು ಮಾತಾಡಿದ ಸಂಸಾರ ನಮ್ಮದಲ್ಲ. ಇಬ್ಬರ ಮುಖವೂ ಸೀರೆಯ ಕಡೆಗೇ. ಜಗಳ ಕೂಡ ಹಾಗೆಯೇ, ಎಳೆಯಿಂದ ಕಣ್ಣು ಕೀಳದೆ.

ಹೀಗೆ ಬದುಕಿದವರಿಗೆ ಒಂದು ಜಂಬ ಬಂದುಬಿಡುತ್ತದೆ. ಒಂದೊಂದು ಎಳೆ ಹಾಯ್ದ ಮೇಲೂ ನೇಯುವವನು ಹಲಗೆಯನ್ನು ತನ್ನ ಕಡೆಗೆ ಎಳೆದು ಬಡಿಯುತ್ತಾನಲ್ಲ, ಆ ಬಡಿತದಲ್ಲಿ ಅವನ ಜಾತಕವೇ ಇರುತ್ತದೆ ಎಂಬುದು ನಮ್ಮ ಓಣಿಯ ನಂಬಿಕೆ. ಸಿಟ್ಟಿದ್ದರೆ ಬಿಗಿ, ನಿದ್ದೆಗೆಟ್ಟಿದ್ದರೆ ಸಡಿಲ, ಮನಸ್ಸು ಬೇರೆಲ್ಲೋ ಇದ್ದರೆ ಒಂದು ಬಿಗಿ ಒಂದು ಸಡಿಲ. ನನ್ನತ್ತೆ ಬದುಕಿದ್ದಾಗ ಅಡುಗೆಮನೆಯಲ್ಲಿ ಕುಳಿತೇ ಮಗನ ಮನಸ್ಸು ಹೇಳುತ್ತಿದ್ದರು. "ಗಂಡಸ್ರ ಬಾಯಿ ಸುಳ್ಳು ಹೇಳ್ತೈತೆ ಕಣೇ, ಹಲಗೆ ಹೇಳಲ್ಲ," ಅನ್ನುತ್ತಿದ್ದರು. ಅತ್ತೆಯ ಬೇರೆ ಮಾತುಗಳನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು. ಇದೊಂದನ್ನು ಮಾತ್ರ ವೇದ ಅಂದುಕೊಂಡೆ.

ನನ್ನ ಗಂಡನಿಗೆ ಸೊಂಟದ ನೋವು ಶುರುವಾಗಿ ಏಳು ವರ್ಷದ ಮೇಲಾಯಿತು. ಮೊದಮೊದಲು ಸೊಂಟ, ಆಮೇಲೆ ಎಡಗಾಲಿನ ಹಿಂಭಾಗದಲ್ಲಿ ಪಾದದವರೆಗೆ ಉರಿ. ದೇವಸಮುದ್ರದಲ್ಲಿ ಎಣ್ಣೆ ತಿಕ್ಕಿಸಿದ್ದಾಯಿತು, ಬಳ್ಳಾರಿಯಲ್ಲಿ ಸೂಜಿ ಹಾಕಿಸಿದ್ದಾಯಿತು, ಸೊಂಟದ ಬೆಲ್ಟು ತಂದು ಮೊಳೆಗೆ ನೇತುಹಾಕಿದ್ದೂ ಆಯಿತು. ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಸವೆದಿದೆ ಅಂದರು, ಇನ್ನೊಬ್ಬರು ಅದೇ ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲ ಎಂದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಷ್ಟು ಹೊತ್ತಿಗೆ ಇವರು ಗುಂಡಿಯಿಂದ ತಾವಾಗಿ ಮೇಲೇಳುವುದನ್ನು ಮರೆತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ನಾನು ಅಂಚಿನಲ್ಲಿ ನಿಂತು ಕೈ ಚಾಚುವುದು, ಅವರು ಹಿಡಿಯುವುದು, ನಾನು ಎಳೆಯುವುದು. "ಧಾರೆ ಹೊತ್ನಾಗೆ ಹಿಡಿದ ಕೈ ಇವಾಗ ಕೆಲ್ಸಕ್ಕೆ ಬಂತು ನೋಡ್ರಿ," ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಕೈ ಹಿಡಿಯುವ ಮುಂಚೆ ಒಂದು ಸಲ ಬಾಗಿಲ ಕಡೆ ನೋಡುತ್ತಿದ್ದರು, ಯಾರಾದರೂ ಬಂದಿದ್ದಾರೇನೋ ಎಂದು.

ಚಳ್ಳಕೆರೆಯ ಒಂದು ಆಸ್ಪತ್ರೆಯಲ್ಲಿ ಗುರುವಾರ ಗುರುವಾರ ಬಹಳ ಕಾಲದ ನೋವಿನವರನ್ನೇ ನೋಡುತ್ತಾರೆ, ಸೇರಿಸಿಕೊಳ್ಳುವುದಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು ಎಂದು ಪಕ್ಕದ ಓಣಿಯವರು ಹೇಳಿದರು. ಹೊರಟೆವು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ಕಂಬ ಹಿಡಿದು ನಿಂತೇ ಇದ್ದರು.

"ಸೀಟ್ ಐತಲ್ಲಣ್ಣ, ಕೂತ್ಕೊಳ್ರಿ," ಅಂದರು ಕಂಡಕ್ಟರು.

"ಕೂತು ಕೂತೇ ಹಿಂಗಾಗಿರೋದು ಕಣಪ್ಪ," ಅಂದರು ಇವರು. ಬಸ್ಸಿನಲ್ಲಿದ್ದ ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ.

ಆಸ್ಪತ್ರೆಯ ಒಂದು ಹಜಾರದಲ್ಲಿ ಸಾಲಾಗಿ ನಾಲ್ಕು ಬಾಗಿಲು. ಮೊದಲನೆಯದರಲ್ಲಿ ನೋವಿನ ಡಾಕ್ಟರು, ನಡುವಯಸ್ಸಿನ ಹೆಂಗಸು. ಎರಡನೆಯದರಲ್ಲಿ ವ್ಯಾಯಾಮ ಹೇಳಿಕೊಡುವಾಕೆ. ಮೂರನೆಯದರಲ್ಲಿ ಸುಮ್ಮನೆ ಕೂರಿಸಿ ಮಾತಾಡಿಸುವ ಮೇಡಂ. ರಾಯದುರ್ಗದ ಕಡೆಯವರು, ತೆಲುಗೂ ಬರುತ್ತಿತ್ತು. ನಾಲ್ಕನೆಯದರಲ್ಲಿ ಮಾತ್ರೆಗಳನ್ನು ನೋಡಿಕೊಳ್ಳುವ ನರ್ಸಮ್ಮ. ನನ್ನ ಗಂಡನನ್ನು ಒಂದೊಂದು ಕೋಣೆಗೂ ಕರೆದು ನೋಡಿ, ಆಮೇಲೆ ಆ ನಾಲ್ಕೂ ಜನ ಒಂದೇ ಮೇಜಿನ ಸುತ್ತ ಕುಳಿತು, ನಮ್ಮನ್ನೂ ಕೂರಿಸಿಕೊಂಡು ಮಾತಾಡಿದರು. ಒಬ್ಬ ಡಾಕ್ಟರ ಚೀಟಿಯನ್ನು ಇನ್ನೊಬ್ಬ ಡಾಕ್ಟರು ಕಣ್ಣೆತ್ತಿಯೂ ನೋಡದ ಆಸ್ಪತ್ರೆಗಳನ್ನು ಅಲೆದಿದ್ದ ನನಗೆ ಅದೊಂದು ಸೋಜಿಗ. ಒಂದು ಸೊಂಟಕ್ಕೆ ಇಷ್ಟು ದೊಡ್ಡ ಪಂಚಾಯ್ತಿ ಸೇರಿದ್ದನ್ನು ನಾನು ನೋಡಿರಲಿಲ್ಲ.

ಪಂಚಾಯ್ತಿಯ ತೀರ್ಮಾನ ಕೇಳಿ ಮಾತ್ರ ಮೈ ಉರಿಯಿತು. ಡಾಕ್ಟರಮ್ಮ ಮೆಲ್ಲಗೆ, ಮುಚ್ಚುಮರೆ ಇಲ್ಲದೆ ಹೇಳಿದರು: "ನೋವು ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಒಂದಿಷ್ಟು ಕಡಿಮೆ ಮಾಡೋಣ. ನೋವಿದ್ದರೂ ಅವರ ಬದುಕು ನಡೆಯೋ ಹಾಗೆ ಮಾಡೋಣ."

"ಇಷ್ಟು ಹೇಳಾಕೆ ನಾಲ್ಕು ಜನ ಬೇಕಿತ್ತಾ ಮೇಡಂ?" ಅಂದುಬಿಟ್ಟೆ. ನನ್ನ ಬಾಯಿ ಹಾಗೆ. ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ನಿಮಗೆ ಮತ್ತೆ ಮಾಡಬೇಕು ಅನ್ನಿಸುವ ಒಂದೇ ಒಂದು ಕೆಲಸ ಹೇಳಿ ಎಂದು ನನ್ನ ಗಂಡನನ್ನು ಕೇಳಿದರು.

ಇವರು ನಡೆಯುವುದು ಅನ್ನಬಹುದು, ಕುಕ್ಕರಗಾಲಲ್ಲಿ ಕೂರುವುದು ಅನ್ನಬಹುದು ಎಂದುಕೊಂಡಿದ್ದೆ. "ಮಗ್ಗದ ಗುಂಡಿಯಿಂದ ಯಾರ ಕೈಯ್ಯೂ ಹಿಡೀದೆ ನಾನೇ ಮೇಲಕ್ಕೆ ಬರ್ಬೇಕು," ಅಂದರು. ಡಾಕ್ಟರಮ್ಮ ಅದನ್ನು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು.

ವ್ಯಾಯಾಮದಾಕೆ ಗುಂಡಿಮಗ್ಗವನ್ನು ಕಂಡೇ ಇರಲಿಲ್ಲ. ಕುರ್ಚಿಯ ಮೇಲೆ ಕುಳಿತು ನೇಯುತ್ತಾರೆ ಅಂದುಕೊಂಡಿದ್ದಳಂತೆ, ಬೆನ್ನಿಗೆ ದಿಂಬು ಇಟ್ಟುಕೊಳ್ಳಿ ಅಂದಳು. ಇವರು ಎರಡು ಬೆಂಚು ಎಳೆದು, ಸಂದು ಬಿಟ್ಟು ಜೋಡಿಸಿ, ನಡುವೆ ಕಾಲು ಇಳಿಬಿಟ್ಟು ತೋರಿಸಿದ ಮೇಲೆ ಅವಳು ತಲೆಯ ಮೇಲೆ ಕೈ ಹೊತ್ತು ನಗತೊಡಗಿದಳು. ಆಮೇಲೆ ಅದೇ ಬೆಂಚುಗಳ ಮೇಲೆ ಮೇಲೇಳುವುದನ್ನು ಕಲಿಸಿದಳು: ಮೊದಲು ಪಕ್ಕಕ್ಕೆ ಹೊರಳಬೇಕು, ಎರಡೂ ಅಂಗೈ ಅಂಚಿಗೆ ಊರಬೇಕು, ಒಂದು ಮಂಡಿ ಮೇಲೆ ತಂದು, ಉಸಿರು ಬಿಡುತ್ತಾ ಏಳಬೇಕು. ಒಳ್ಳೆಯ ಹುಡುಗಿ. ಐವತ್ತು ದಾಟಿದ ಗಂಡಸಿಗೆ ಮಗುವಿಗೆ ಹೇಳಿಕೊಟ್ಟಷ್ಟು ತಾಳ್ಮೆಯಿಂದ ಹೇಳಿಕೊಟ್ಟಳು.

ಹೊರಡುವಾಗ ಮಾತಿನ ಮೇಡಂ ಈ ನೀಲಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ದಿನಾ ಸಂಜೆ ಇವರನ್ನು ಕೇಳಿ, ನೋವು ಇಲ್ಲವೇ ಇಲ್ಲ ಅಂದರೆ ಸೊನ್ನೆ, ತಡೆಯಲಾರದಷ್ಟು ಅಂದರೆ ಹತ್ತು, ಆ ನಡುವೆ ಎಷ್ಟು ಹೇಳುತ್ತಾರೋ ಅಷ್ಟು ಬರೆಯಿರಿ ಎಂದರು. ಕೇಳಿ ಬರೆಯಿರಿ ಎಂದೇ ಹೇಳಿದ್ದರು. ಅದು ನನಗೆ ಚೆನ್ನಾಗಿ ನೆನಪಿದೆ.

ಮೊದಲ ಸಂಜೆ ಕೇಳಿದೆ. "ಎಷ್ಟ್ರೀ?"

"ಏನೋ ಒಂದು ಬರ್ಕೊಳ್ಳೇ," ಅಂದರು.

ಎರಡನೇ ಸಂಜೆಯೂ ಅದೇ. ಮೂರನೇ ಸಂಜೆ ನಾನು ಕೇಳಲಿಲ್ಲ. ಕೇಳುವುದೇನು, ದಿನವಿಡೀ ಪಕ್ಕದಲ್ಲೇ ಕುಳಿತಿರುತ್ತೇನೆ, ಬಡಿತ ಕಿವಿಗೆ ಬೀಳುತ್ತಲೇ ಇರುತ್ತದೆ. ನನ್ನ ಗಂಡನ ನೋವನ್ನು ನನಗಿಂತ ಬಲ್ಲವರು ಯಾರಿದ್ದಾರೆ ಅನ್ನಿಸಿತು. ಬಡಿತ ಸ್ವಲ್ಪ ಅಳುಕಿದಂತೆ ಕೇಳಿದ ದಿನ ಆರು ಬರೆದೆ, ಸರಿಯಾಗಿದ್ದ ದಿನ ಐದು ಬರೆದೆ. ಒಂದು ತಿಂಗಳಾಗುವ ಹೊತ್ತಿಗೆ ಬಡಿತ ಎಷ್ಟು ಒಂದೇ ಸಮನಾಯಿತೆಂದರೆ, ಮದುವೆಯಾದ ಹೊಸತರಲ್ಲಿ ಕೇಳಿದ್ದೆನಲ್ಲ, ಹಾಗೆ. ಬಟ್ಟೆಯ ಮೇಲೆ ಬೆರಳಾಡಿಸಿದರೆ ಎಲ್ಲೂ ಒಂದು ಏರಿಲ್ಲ, ಒಂದು ಇಳಿವಿಲ್ಲ. ಸೀರೆ ಕೊಂಡೊಯ್ಯಲು ಬಂದವರೂ ಕೈ ಈಗ ಕುದುರಿದೆ ಎಂದು ಹೊಗಳಿದರು. ನಾನು ಹಿಗ್ಗಿ ನಾಲ್ಕು ಬರೆದೆ. ನಾಲ್ಕು, ನಾಲ್ಕು, ನಾಲ್ಕು. ಬರೆದು ಪುಸ್ತಕ ಗೂಡಿನಲ್ಲಿಟ್ಟು ನೆಮ್ಮದಿಯಾಗಿ ಅಡುಗೆಗೆ ಹೋಗುತ್ತಿದ್ದೆ.

ಚಳ್ಳಕೆರೆಯವರು ಪುಸ್ತಕ ನೋಡಿ ಸಂತೋಷಪಟ್ಟರು. ಎರಡನೇ ಸಲ ಹೋದಾಗ ವ್ಯಾಯಾಮ ಹೆಚ್ಚಿಸಿದರು. ಮೂರನೇ ಸಲ ಡಾಕ್ಟರಮ್ಮ ಒಂದು ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸುತ್ತಾ ಬರೋಣ ಎಂದು, ಇನ್ನು ಎರಡು ತಿಂಗಳು ಬಿಟ್ಟು ಬನ್ನಿ ಅಂದರು. ಅವರ ತಪ್ಪೇನೂ ಇಲ್ಲ. ಅವರು ನನ್ನ ಗಂಡನನ್ನೂ ಕೇಳಿದರು: "ಹೌದಾ ಯಜಮಾನ್ರೇ, ಕಡಿಮೆ ಆಗಿದೆಯಾ?"

ಇವರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಪುಸ್ತಕವನ್ನು ನೋಡಿದರು. "ಬರ್ದೈತಲ್ಲ ಮೇಡಂ," ಅಂದರು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವನು ಎದುರಿಗೆ ಸಿಕ್ಕರೆ ನಾನು ಬಿಡುವುದಿಲ್ಲ.

ಆ ಎರಡು ತಿಂಗಳು ನಾನು ಆಡಿದ ಮಾತುಗಳನ್ನು ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವರು ಗುಂಡಿಯಲ್ಲಿ ಕುಳಿತು ಏಳುವುದಕ್ಕೆ ಮುಂಚೆ ಬಹಳ ಹೊತ್ತು ಸುಮ್ಮನಿರುತ್ತಿದ್ದರು. ನನಗೆ ಅದು ಸೋಮಾರಿತನದಂತೆ ಕಂಡಿತು. "ಆ ಹುಡುಗಿ ಅಷ್ಟು ಚೆಂದಾಗಿ ಹೇಳ್ಕೊಟ್ಟೈತೆ, ಅದರಂಗೆ ಏಳ್ಬಾರ್ದಾ?" ಎಂದು ಗೊಣಗುತ್ತಾ ಕೈ ಕೊಟ್ಟು ಎಳೆಯುತ್ತಿದ್ದೆ. ಒಂದು ಸಂಜೆ ಅವರು ಎದ್ದು ನಿಂತವರು ಹಾಗೇ ಗೋಡೆಗೆ ಹಣೆ ಒತ್ತಿಕೊಂಡರು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ನನಗೆ ಅವಸರ. "ಬರೀ ನಾಲ್ಕಕ್ಕೇ ಹಿಂಗಾಡ್ತೀರಲ್ರೀ," ಅಂದೆ. ಅವರು ಹೂಂ ಅಂದರು. ಹೂಂ ಎಂದು ಮುಖ ತೊಳೆಯಲು ಹೋದರು.

ನಾಲ್ಕನೇ ಸಲ ಚಳ್ಳಕೆರೆಗೆ ಹೋದಾಗ ಮಾತಿನ ಮೇಡಂ ಇವರೊಬ್ಬರನ್ನೇ ಒಳಗೆ ಕರೆದು, ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಬಾಗಿಲ ಸಂದಿಯಿಂದ ತೆಲುಗು ಕೇಳುತ್ತಿತ್ತು. ನಮ್ಮ ಗಡಿ ಊರಲ್ಲಿ ಎರಡೂ ಭಾಷೆ ಬರುವುದು ದೊಡ್ಡದಲ್ಲ, ಆದರೆ ಅವರ ತಾಯಿಯ ಮಾತು ತೆಲುಗು, ಅತ್ತೆ ತೀರಿದ ಮೇಲೆ ಮನೆಯಲ್ಲಿ ಅದನ್ನು ಆಡುವವರೇ ಇರಲಿಲ್ಲ. ಇವರು ಇಷ್ಟುದ್ದ ಏನು ಮಾತಾಡುತ್ತಿದ್ದಾರೆ ಎಂದು ನನಗೆ ಆಶ್ಚರ್ಯ. ತಂದಿದ್ದ ಶೇಂಗಾ ಸುಲಿದು ತಿನ್ನುತ್ತಾ ಕುಳಿತಿದ್ದೆ.

ಸ್ವಲ್ಪ ಹೊತ್ತಿಗೆ ನನ್ನನ್ನೂ ಒಳಗೆ ಕರೆದರು. ನಾಲ್ಕೂ ಜನ ಇದ್ದರು. ಮೇಜಿನ ಮೇಲೆ ನೀಲಿ ಪುಸ್ತಕ ತೆರೆದಿತ್ತು.

"ಅಮ್ಮಾ, ಇದನ್ನ ಯಾರು ಬರೆದದ್ದು?" ಡಾಕ್ಟರಮ್ಮ ಕೇಳಿದರು.

"ನಾನೇ."

"ಇವರನ್ನ ಕೇಳಿ ಬರೆದ್ರಾ?"

ನಾನು ಬಡಿತದ ವಿಷಯ ಹೇಳತೊಡಗಿದೆ. ಸಿಟ್ಟಿದ್ದರೆ ಬಿಗಿ, ಆಯಾಸವಿದ್ದರೆ ಸಡಿಲ, ನಮ್ಮತ್ತೆ ಅಡುಗೆಮನೆಯಲ್ಲಿ ಕುಳಿತೇ ಹೇಳುತ್ತಿದ್ದರು, ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದೇನೆ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನ್ನ ಕಿವಿಗೇ ಪೆದ್ದುಪೆದ್ದಾಗಿ ಕೇಳಿತು. ಯಾರೂ ನಗಲಿಲ್ಲ.

ಮಾತಿನ ಮೇಡಂ ಹೇಳಿದರು: "ಇವರು ನನ್ನ ಹತ್ರ ತೊಮ್ಮಿದಿ ಅಂದ್ರು. ಒಂಬತ್ತು. ಮಾತ್ರೆ ಕಡಿಮೆ ಮಾಡಿದಾಗಿನಿಂದ ಹೆಚ್ಚು ಕಡಿಮೆ ದಿನಾ ಒಂಬತ್ತು. ಅದಕ್ಕೂ ಮುಂಚೆ ಎಂಟು."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಗಂಡನ ಕಡೆ ತಿರುಗಿ, "ಮತ್ತೆ ಬಡಿತ?" ಅಂದೆ. ಬಡಿತವೇ ನನಗೆ ಮೋಸ ಮಾಡಿದಂತೆ.

ಅವರು ಮೇಜನ್ನೇ ನೋಡುತ್ತಾ ಹೇಳಿದರು: "ಬಡಿತ ಹೆಚ್ಚು ಕಮ್ಮಿ ಆದ್ರೆ ಸೀರೇಲಿ ಗೆರೆ ಬೀಳ್ತೈತೆ. ನೀನು ಎಸೆದಿರೋ ಅಂಚೂ ಕೆಡ್ತೈತೆ. ಅದಕ್ಕೇ ಹಲ್ಲು ಕಚ್ಕೊಂಡು ಸಮಕ್ಕೆ ಹೊಡೀತಿದ್ದೆ."

ನೋವು ಹೆಚ್ಚಾದಷ್ಟೂ ಅವರು ಬಡಿತವನ್ನು ಜೋಪಾನ ಮಾಡಿದ್ದರು. ಏರಿಲ್ಲ ಇಳಿವಿಲ್ಲ ಎಂದು ನಾನು ಬೆರಳಾಡಿಸಿ ಹಿಗ್ಗಿದ ಆ ಗಜಗಳೆಲ್ಲ ಎಂಟರ, ಒಂಬತ್ತರ ದಿನಗಳವು. ನಾನು ಅದನ್ನು ಹೊಗಳಿ ನಾಲ್ಕು ಬರೆದಿದ್ದೆ. ಕೈಯಲ್ಲಿ ಇನ್ನೂ ಶೇಂಗಾ ಸಿಪ್ಪೆ ಇತ್ತು, ಎಲ್ಲಿ ಹಾಕಬೇಕೋ ತಿಳಿಯಲಿಲ್ಲ.

"ಪುಸ್ತಕ ನೋಡಿದ್ರಲ್ಲ ನೀವು? ನಿಮಗೆ ಓದಾಕೆ ಬರ್ತೈತಲ್ಲ? ಯಾಕೆ ಹೇಳ್ಲಿಲ್ಲ?" ಎಂದು ಅವರನ್ನೇ ಕೇಳಿದೆ.

"ನೋಡ್ದೆ. ಮನೇಲಿ ಒಬ್ರಿಗಾದ್ರೂ ನಾಲ್ಕಿರ್ಲಿ ಅಂತ ಬಿಟ್ಟೆ," ಅಂದರು.

ನರ್ಸಮ್ಮ ನನ್ನ ಮುಂದೆ ನೀರಿನ ಲೋಟ ಇಟ್ಟರು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ನಾವೂ ಪುಸ್ತಕವನ್ನಷ್ಟೇ ನಂಬಬಾರದಿತ್ತು, ಇವರನ್ನು ಮುಂಚೆಯೇ ಒಬ್ಬರನ್ನೇ ಕೂರಿಸಿ ಕೇಳಬೇಕಿತ್ತು ಎಂದು ತಪ್ಪನ್ನು ತಮ್ಮ ಮೇಲೂ ಹಾಕಿಕೊಂಡರು. ನಿಲ್ಲಿಸಿದ್ದ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಇನ್ನು ನಾಲ್ಕಕ್ಕೆ ಇಳಿಯುತ್ತಾ ಎಂದು ಕೇಳಿದೆ. ಏಳಕ್ಕೆ ಇಳಿಯಬಹುದು, ಇಳಿಯದೆಯೂ ಇರಬಹುದು, ಆದರೆ ನಾವು ಬಿಡುವುದಿಲ್ಲ ಎಂದರು. ಆ ನಾಲ್ಕು ಜನರ ಮುಖ ಒಂದೊಂದಾಗಿ ನೋಡಿದೆ. ಅವರಲ್ಲಿ ಒಬ್ಬರ ಹತ್ತಿರವಾದರೂ ಬೇರೆ ಉತ್ತರ ಇರಬಹುದೇನೋ ಎಂಬ ಆಸೆ. ಇರಲಿಲ್ಲ.

ಕೊನೆಗೆ ವ್ಯಾಯಾಮದಾಕೆ ನನ್ನ ಪಕ್ಕ ಬಂದು ಕುಳಿತಳು. "ಆಂಟಿ, ಇನ್ನೊಂದು ವಿಷ್ಯ. ಅವರು ಗುಂಡಿಯಿಂದ ಏಳುವಾಗ ನೀವು ಕೈ ಹಿಡಿದು ಎಳೀಬೇಡಿ. ಎಳೆದಾಗ ಸೊಂಟಕ್ಕೆ ಜರ್ಕ್ ಆಗುತ್ತೆ. ಅವರಾಗೇ ಕೇಳಿದ್ರೆ ಮಾತ್ರ ಕೈ ಕೊಡಿ." ನಾನು ತಲೆಯಾಡಿಸಿದೆ. ಅವರ ನೋವಿಗೆ ನಾನು ಮಾಡುತ್ತಿದ್ದದ್ದು ಅದೊಂದೇ ಕೆಲಸ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ನಿಂತಿದ್ದರು. ನನಗೆ ಸೀಟು ಸಿಕ್ಕಿತ್ತು. ತಳಕು ಊರು ದಾಟಿದ ಮೇಲೆ ನಾನೂ ಎದ್ದು ಅವರ ಪಕ್ಕ ಕಂಬಿ ಹಿಡಿದು ನಿಂತೆ.

"ನೀನ್ಯಾಕೆ ನಿಂತ್ಕೊಂಡೆ?"

"ಸುಮ್ನೆ."

"ನೀನು ನಿಂತ್ರೆ ನಂದೇನು ಕಮ್ಮಿ ಆಗಲ್ಲ. ಕೂತ್ಕೋ ಹೋಗು."

ಬಿ.ಜಿ. ಕೆರೆಯವರೆಗೆ ಹಟ ಹಿಡಿದು ನಿಂತೆ. ಆಮೇಲೆ ಕಾಲು ನೋಯತೊಡಗಿತು, ಹೋಗಿ ಕುಳಿತೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಮುಗುಳ್ನಗುತ್ತಿದ್ದರು.

ಅಲ್ಲಿಂದೀಚೆಗೆ ನಾನು ಕೇಳಿಯೇ ಬರೆಯುತ್ತೇನೆ. ಅವರೂ ಈಗ ಹೇಳುತ್ತಾರೆ. ಎಂಟು, ಒಂಬತ್ತು, ಎಂಟು. ಒಂದು ದಿನ ಏಳು ಅಂದರು, ನಾನು ಆ ಸಂಜೆ ಹೋಳಿಗೆ ಮಾಡಿದೆ. ಮಾರನೇ ದಿನ ಒಂಬತ್ತು ಅಂದರು. ಚಳ್ಳಕೆರೆಗೆ ಹೋಗುವುದು ನಿಂತಿಲ್ಲ. ಹೋಗಿ ಬಂದ ಮೇಲೆ ಎರಡು ದಿನ ಅವರ ಮುಖ ತಿಳಿಯಾಗಿರುತ್ತದೆ. ಮಾತಿನ ಮೇಡಂ ಜೊತೆ ತೆಲುಗಿನಲ್ಲಿ ನಗುವುದು ಹೊರಗಿನ ಬೆಂಚಿಗೂ ಕೇಳಿಸುತ್ತದೆ. ಮಗ್ಗದ ಮೇಲೆ ದಿನಕ್ಕೆ ಎಷ್ಟು ಹೊತ್ತು ಎಂದು ಕಟ್ಟುಪಾಡಾಗಿದೆ. ಆಗಾಗ ಬಡಿತ ನಿಲ್ಲುತ್ತದೆ, ಕೆಲವು ಸಲ ಅಳುಕುತ್ತದೆ, ಸೀರೆಯಲ್ಲಿ ಅಲ್ಲಲ್ಲಿ ಗೆರೆ ಬೀಳುತ್ತದೆ. ಬೀಳಲಿ ಅಂದಿದ್ದೇನೆ. ಎಲ್ಲ ಸರಿ, ಆದರೆ ಒಂಬತ್ತು ಎಂದು ಕೇಳಿದ ಮೇಲೆ ನಾನು ಏನು ಮಾಡಬೇಕು ಎಂಬುದನ್ನು ಆ ನಾಲ್ಕು ಕೋಣೆಯಲ್ಲಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ತಿಳಿಯದೆ ನಾಲ್ಕು ಬರೆಯುತ್ತಿದ್ದಾಗ ಅಡುಗೆಗೆ ಹೋಗುತ್ತಿದ್ದೆ. ತಿಳಿದು ಒಂಬತ್ತು ಬರೆದ ಮೇಲೂ ಅಡುಗೆಗೇ ಹೋಗುತ್ತೇನೆ.

ಮೊನ್ನೆ ಸಂಜೆ ಕೆಲಸ ಮುಗಿಯಿತು. ಅವರು ಪಕ್ಕಕ್ಕೆ ಹೊರಳಿದರು, ಅಂಗೈ ಎರಡನ್ನೂ ಗುಂಡಿಯ ಅಂಚಿಗೆ ಊರಿದರು, ಮಂಡಿ ಮೇಲೆ ತಂದರು. ಅರ್ಧ ಎದ್ದು ಮತ್ತೆ ಕುಸಿದು ಕುಳಿತರು. ಇನ್ನೊಂದು ಸಲ ಪ್ರಯತ್ನಿಸಿದರು, ಅದೂ ಅಷ್ಟಕ್ಕೇ ನಿಂತಿತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕುಳಿತಿದ್ದೆ. ಆದರೂ ಬಲಗೈ ಯಾವಾಗ ಹೊರಗೆ ಬಂದು ಅವರ ಕಡೆ ಚಾಚಿತೋ ನನಗೇ ಗೊತ್ತಾಗಲಿಲ್ಲ.

ಅವರು ಆ ಕೈಯನ್ನು ನೋಡಿದರು. "ನಾನು ಕೇಳಿಲ್ಲ," ಅಂದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಅವರ ಹಣೆಯ ಮೇಲೆ ಬೆವರು ಒಡೆದಿತ್ತು. ಬಾಗಿಲು ತೆರೆದೇ ಇತ್ತು, ಈಗ ಅವರು ಆ ಕಡೆ ನೋಡಲಿಲ್ಲ. ಉಸಿರು ಬಿಡುತ್ತಾ, "ಎಂಟು. ಬರ್ಕೋ," ಅಂದರು.

"ಎದ್ದ ಮ್ಯಾಲೆ ಬರಿತೀನಿ ಬಿಡ್ರಿ."

"ಎದ್ದ ಮ್ಯಾಲೆ ಬರೆದ್ರೆ ಒಂಬತ್ತಾಗಿರ್ತೈತೆ ಕಣೇ. ಇವಾಗ್ಲೇ ಬರಿ."

ಗೂಡಿನಿಂದ ಪುಸ್ತಕ ತೆಗೆದು, ಪೆನ್ನು ಹುಡುಕಿ, ದುಂಡಗೆ ಎಂಟು ಎಂದು ಬರೆದೆ. ಹಿಂದೆ ಮತ್ತೆ ಅಂಗೈ ನೆಲಕ್ಕೆ ಊರಿದ ಸದ್ದಾಯಿತು. ಬರೆದಾಗಿತ್ತು, ಆದರೂ ಅದರ ಮೇಲೆಯೇ ಪೆನ್ನು ಆಡಿಸುತ್ತಾ ನಿಂತೆ. ತಿರುಗಿ ನೋಡಿದರೆ ಕೈ ಕೊಟ್ಟುಬಿಡುತ್ತೇನೆ ಎಂದು ಗೊತ್ತಿತ್ತು.